ಬ್ರೇಕಮ್ಮನ ಎದೆಯ ಮೇಲಿನ ಗುಂಡಿ

ಕಾರು ಮೆಲ್ಲಗೆ ಹಿಂದೆ ಸರಿದು, ಎರಡು ಕಾರುಗಳ ನಡುವಿನ ಜಾಗದಲ್ಲಿ ಯಾವುದಕ್ಕೂ ತಾಗದೆ ನಿಂತಿತು. ಸ್ಟಿಯರಿಂಗ್ ಹಿಡಿದಿದ್ದವರು ಕಾರು ಕಲಿಯಲು ಬರುತ್ತಿದ್ದ ಹಲ್ಲಿನ ಆಸ್ಪತ್ರೆಯ ನರ್ಸ್. ಹಿಂದಕ್ಕೆ ತೆಗೆದು ನಿಲ್ಲಿಸುವ ಈ ಪಾಠ ಅಲ್ಲಿಯವರೆಗೆ ಅವರ ಕೈಗೆ ಒಗ್ಗಿರಲೇ ಇಲ್ಲ. ಅಂದು ಮಾತ್ರ ಪಕ್ಕದ ಸೀಟಿನಿಂದ "ಕನ್ನಡಿ ನೋಡಿ, ಕನ್ನಡಿ" ಎಂಬ ಕೂಗು ಒಮ್ಮೆಯೂ ಬರಲಿಲ್ಲ. ತಾನು ಅಷ್ಟು ಚೆನ್ನಾಗಿ ಓಡಿಸುತ್ತಿದ್ದೇನೆ ಎಂದೇ ಅವರು ತಿಳಿದರು.

"ಮೇಡಂ, ಈ ಸಲ ಬೈಯೋಕೆ ಏನೂ ಸಿಗ್ಲಿಲ್ಲ ಅಲ್ವಾ?"

ಮೇಡಂ ತಲೆ ಕಿಟಕಿಯ ಗಾಜಿಗೆ ವಾಲಿತ್ತು. ನರ್ಸ್ ಗಾಬರಿಯಿಂದ ಭುಜ ಅಲುಗಿಸುವಷ್ಟರಲ್ಲಿ ಅವರು ಕಣ್ಣು ಬಿಟ್ಟು, ಸುತ್ತ ನೋಡಿ, "ಹ್ಯಾಂಡ್‌ಬ್ರೇಕ್ ಯಾರು ಹಾಕ್ತಾರೆ, ನಾನಾ?" ಎಂದರು.

ಡ್ರೈವಿಂಗ್ ಸ್ಕೂಲಿನಲ್ಲಿ ಅವರಿಗೆ ಬ್ರೇಕಮ್ಮ ಎಂದು ಹೆಸರು. ಬೆನ್ನ ಹಿಂದೆ ಕರೆಯುವ ಹೆಸರು, ಆದರೆ ಅವರಿಗೂ ಗೊತ್ತು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಪ್ಪತ್ತು ವರ್ಷ ಅದರ ಮೇಲೆ ಕಾಲಿಟ್ಟು ಕೂತು, ಈಗ ಬ್ರೇಕ್ ಇಲ್ಲದ ಕಡೆಯೂ ಅವರ ಬಲಗಾಲು ನೆಲ ಒತ್ತುತ್ತದೆ. ಟಿವಿಯಲ್ಲಿ ಕಾರು ಜೋರಾಗಿ ಓಡಿದರೆ ಸೋಫಾದ ಮುಂದಿನ ಚಾಪೆ ಜರುಗುತ್ತದೆ. ಮನೆಯಲ್ಲಿ ಅವರ ಎದುರು ಊಟಕ್ಕೆ ಕೂರುವವರು ಮೊದಲು ತಮ್ಮ ಕಾಲು ಒಳಗೆಳೆದುಕೊಳ್ಳುತ್ತಾರೆ.

ಅವರು ಎಚ್ಚರ ತಪ್ಪಿದ್ದು ಅದು ಮೂರನೆಯ ಸಲ. ತರಕಾರಿ ಅಂಗಡಿಯಲ್ಲಿ ಬಿದ್ದಾಗ ತಪ್ಪು ಬಿಸಿಲಿನದು ಎಂದರು. ಬಟ್ಟೆ ಒಣಹಾಕುವಾಗ ಬಿದ್ದಾಗ ಖಾಲಿ ಹೊಟ್ಟೆಯದು ಎಂದರು. ಕಾರಿನಲ್ಲಿ ಬಿಸಿಲೂ ಇರಲಿಲ್ಲ, ಹೊಟ್ಟೆಯೂ ತುಂಬಿತ್ತು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್, ಇಸಿಜಿ ಎಲ್ಲವೂ ಸರಿಯಾಗಿಯೇ ಬಂದವು. ಇಸಿಜಿ ತೆಗೆದ ಅಷ್ಟು ಹೊತ್ತು ಅವರ ಹೃದಯ, ತಪಾಸಣೆಗೆ ಬಂದ ಸಾಹೇಬರ ಮುಂದೆ ನಿಂತ ಗುಮಾಸ್ತನಷ್ಟು ಸಭ್ಯವಾಗಿತ್ತು.

ಕಾರಣ ಸಿಗುವವರೆಗೆ ಕಾರು ಓಡಿಸುವಂತಿಲ್ಲ, ಕಲಿಸುವ ಸೀಟಿನಲ್ಲಿ ಕೂರುವಂತೆಯೂ ಇಲ್ಲ ಎಂದರು ಡಾಕ್ಟರ್. ಸ್ಕೂಲಿನ ಮಾಲೀಕರು ಅವರನ್ನು ರಸ್ತೆಯ ಚಿಹ್ನೆಗಳ ಪಾಠಕ್ಕೆ ಹಾಕಿದರು. "ತಿಂಗಳ ಕೊನೆವರೆಗೂ ನಿಮ್ಮ ಸೀಟಿಗೆ ಯಾರನ್ನೂ ತರಲ್ಲ ಮೇಡಂ. ಆಮೇಲೂ ಕಾರಣ ಗೊತ್ತಾಗ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ ಹೇಳಿ?" ಎಂದರು. ಗೋಡೆಯ ಮೇಲಿನ ಚಿತ್ರಗಳಿಗೆ ಬ್ರೇಕ್ ಹಾಕುವ ಅಗತ್ಯ ಬರುವುದಿಲ್ಲ. ಬ್ರೇಕಮ್ಮ ಒಂದೇ ವಾರದಲ್ಲಿ ಬಾಡಿದರು.

ಆಗ ಹೃದಯದ ಡಾಕ್ಟರ್ ಅವರ ಎಡಗಡೆಯ ಕೊರಳೆಲುಬಿನ ಕೆಳಗೆ ಬಿಸ್ಕತ್ತಿನಷ್ಟು ದೊಡ್ಡ ಯಂತ್ರವೊಂದನ್ನು ಅಂಟಿಸಿದರು. ಎರಡು ವಾರ, ಹಗಲೂ ರಾತ್ರಿ, ಅದು ಹೃದಯದ ಒಂದೊಂದು ಬಡಿತವನ್ನೂ ದಾಖಲಿಸುತ್ತದೆ. ಮಧ್ಯದಲ್ಲಿ ಒಂದು ಗುಂಡಿ. "ತಲೆ ಸುತ್ತಿದ್ರೆ, ಕಣ್ಣು ಕತ್ತಲಾದ್ರೆ, ಎದೆ ಝಲ್ ಅಂದ್ರೆ ಒತ್ತಿ. ಯೋಚನೆ ಮಾಡ್ತಾ ಕೂರಬೇಡಿ" ಎಂದು ಹೇಳಿ ಕಳಿಸಿದರು.

ಆ ಎರಡು ವಾರ ಅವರನ್ನು ಸ್ಕೂಲಿಗೆ ಬಿಟ್ಟು ಕರೆತರುವ ಕೆಲಸ ಅಳಿಯನದಾಯಿತು. ಅಳಿಯನಿಗೆ ಲೈಸೆನ್ಸ್ ಬಂದು ಎರಡು ತಿಂಗಳು. ಅತ್ತೆಯ ಕೈಕೆಳಗೆ ಕಲಿಯುವ ಧೈರ್ಯ ಸಾಲದೆ ಎದುರು ರಸ್ತೆಯ ಸ್ಕೂಲಿನಲ್ಲಿ ಕಲಿತಿದ್ದ. ಅತ್ತೆ ಅದನ್ನಿನ್ನೂ ಮರೆತಿರಲಿಲ್ಲ.

"ಅಳಿಯಂದ್ರೇ, ಮುಂದೆ ಲಾರಿ ಇದೆ."

"ನೋಡಿದೆ ಅತ್ತೆ."

"ಲಾರಿಯವನು ನಿಮ್ಮನ್ನ ನೋಡಿದಾನಾ ಅಂತ ನನ್ನ ಚಿಂತೆ."

ಬಲಗಾಲು ನೆಲಕ್ಕೆ ಹೋಯಿತು, ಬಲಗೈ ಎದೆಗೆ. ಟಕ್.

"ಮತ್ತೆ ಒತ್ತಿದ್ರಾ?"

"ಎದೆ ಝಲ್ ಅಂತು, ಒತ್ತಿದೆ. ನೀವು ರಸ್ತೆ ನೋಡಿಪ್ಪಾ!"

ಎರಡು ವಾರ ಮುಗಿದ ಮೇಲೆ ಡಾಕ್ಟರ ಎದುರು ಬ್ರೇಕಮ್ಮ, ಅವರ ಯಜಮಾನರು, ಅಳಿಯ ಸಾಲಾಗಿ ಕೂತರು. ಯಜಮಾನರದು ಬೀಗ ರಿಪೇರಿ ಅಂಗಡಿ. ಕಡಿಮೆ ಮಾತಿನವರು, ಬೀಗದ ವಿಷಯ ಬಂದರೆ ಮಾತ್ರ ನಿಲ್ಲಿಸದವರು.

"ಗುಂಡಿ ನೂರಕ್ಕಿಂತ ಹೆಚ್ಚು ಸಲ ಒತ್ತಿದೀರಿ" ಎಂದರು ಡಾಕ್ಟರ್. "ಎಲ್ಲಾ ಬೆಳಿಗ್ಗೆ ಮತ್ತೆ ಸಾಯಂಕಾಲ. ಆ ಹೊತ್ತಲ್ಲಿ ಏನ್ ಮಾಡ್ತಿದ್ರಿ?"

ಅಳಿಯ ಫ್ಯಾನಿನ ರೆಕ್ಕೆ ಎಣಿಸತೊಡಗಿದ.

"ಅಳಿಯಂದ್ರ ಜೊತೆ ಕಾರಲ್ಲಿ ಇರ್ತಿದ್ದೆ" ಎಂದರು ಬ್ರೇಕಮ್ಮ, ಆದಷ್ಟು ಮರ್ಯಾದೆಯಿಂದ.

"ಆವಾಗೆಲ್ಲ ಬಡಿತ ಜೋರಾಗಿದೆ, ಆದ್ರೆ ಲಯ ಎಲ್ಲೂ ತಪ್ಪಿಲ್ಲ. ಅದು ಬರೀ ಹೆದರಿಕೆ, ಕಾಯಿಲೆ ಅಲ್ಲ."

"ಹಾಗಾದ್ರೆ ನನ್ನ ತಪ್ಪೇನಿಲ್ಲ ಅಲ್ವಾ ಡಾಕ್ಟ್ರೇ?"

"ಆ ಹೊತ್ತಲ್ಲಿ, ಹೃದಯದ ಮಟ್ಟಿಗೆ ಇಲ್ಲ."

ಡಾಕ್ಟರ್ ಇನ್ನೊಂದು ಹಾಳೆ ಮುಂದಿಟ್ಟರು. ಏರಿಳಿಯುವ ಗೆರೆ ಮಧ್ಯದಲ್ಲಿ ನೇರವಾಗಿ, ಸುಮ್ಮನೆ, ಸಾಗಿತ್ತು. ಮುಂದೆ ಮತ್ತೆ ಏರಿಳಿತ. "ಇದು ಮೊದಲ ಭಾನುವಾರ ಮಧ್ಯಾಹ್ನದ್ದು. ಏಳು ಸೆಕೆಂಡಿಗಿಂತ ಜಾಸ್ತಿ ಹೊತ್ತು ನಿಮ್ಮ ಹೃದಯ ಬಡಿದಿಲ್ಲ. ಗುಂಡಿ ಒತ್ತಿಲ್ಲ. ಏನಾಯ್ತು ಅವತ್ತು?"

"ಏನೂ ಆಗ್ಲಿಲ್ವಲ್ಲ. ಮನೇಲಿ ಬಟಾಣಿ ಬಿಡಿಸ್ತಾ ಕೂತಿದ್ದೆ. ಒಂಚೂರು ಜೊಂಪು ಹತ್ತಿರಬೇಕು."

ಯಜಮಾನರು ಕೆಮ್ಮಿದರು. "ನಂಗೆ ನೆನಪಿದೆ ಡಾಕ್ಟ್ರೇ. ಹಳೇ ತಿಜೋರಿ ಬೀಗ ತೆಗೆದಿದ್ದನ್ನ ಹೇಳ್ತಿದ್ದೆ. ಇನ್ನೇನು ಬೀಗ ತಿರುಗ್ಬೇಕು, ಇವಳು ಕಣ್ಣು ಮುಚ್ಚಿ ತಲೆ ವಾಲಿಸಿದ್ಲು. ನನ್ನ ಮಾತು ಕೇಳಿ ನಿದ್ದೆ ಬಂತಲ್ಲಾ ಅಂತ ಬೇಜಾರಾಗಿ ಎದ್ದು ಅಂಗಡಿಗೆ ಹೋದೆ. ಎರಡು ದಿನ ಮಾತೇ ಆಡ್ಲಿಲ್ಲ."

"ಅದಕ್ಕಾ ರೀ ಮುಖ ಊದಿಸ್ಕೊಂಡಿದ್ದು? ನಾನು ಚಹಾ ಸರಿ ಇರ್ಲಿಲ್ವೇನೋ ಅಂದ್ಕೊಂಡು ಎರಡು ಸಲ ಮಾಡಿಕೊಟ್ನಲ್ರೀ!"

ಅಳಿಯ ನಕ್ಕ. ಯಜಮಾನರು ನಗಲಿಲ್ಲ. ಹಾಳೆಯ ಮೇಲಿನ ನೇರ ಗೆರೆಯನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಸವರಿದರು. "ನಾನು ಎದ್ದು ಹೋಗಿಬಿಟ್ಟೆ" ಎಂದರು, ಯಾರಿಗೂ ಅಲ್ಲ ಎನ್ನುವಂತೆ.

ಬ್ರೇಕಮ್ಮ ಅವರ ಕೈ ಹಿಡಿದು ಹಾಳೆಯಿಂದ ಆಚೆ ತೆಗೆದರು. "ಕಥೆ ಚೆನ್ನಾಗೇ ಇತ್ತು ರೀ. ಬೀಗ ತೆಗೀತೋ ಇಲ್ವೋ, ಅದನ್ನಾದ್ರೂ ಹೇಳಿ."

"ತೆಗೀತು."

"ಒಳಗೇನಿತ್ತು?"

"ಇನ್ನೊಂದು ಬೀಗ."

ಡಾಕ್ಟರೂ ನಕ್ಕುಬಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಹೃದಯಕ್ಕೆ ಬಡಿ ಎಂದು ಹೇಳುವ ವಿದ್ಯುತ್ ಸಂಕೇತ ಇವರಲ್ಲಿ ಅಪರೂಪಕ್ಕೊಮ್ಮೆ ದಾರಿಯಲ್ಲೇ ನಿಂತುಬಿಡುತ್ತದೆ. ಹಿಂದೆ ಎಚ್ಚರ ತಪ್ಪಿದ ಮೂರು ಸಲವೂ ಅದೇ ಆಗಿರುವ ಸಾಧ್ಯತೆ ಹೆಚ್ಚು. ಚರ್ಮದ ಕೆಳಗೆ ಪೇಸ್‌ಮೇಕರ್ ಕೂರಿಸಿದರೆ, ಬಡಿತ ತಪ್ಪಿದ ಕೂಡಲೇ ಆ ಪುಟ್ಟ ಯಂತ್ರವೇ ಸಂಕೇತ ಕೊಟ್ಟು ಹೃದಯ ಬಡಿಯುವಂತೆ ಮಾಡುತ್ತದೆ.

ನೋಯುತ್ತದೆಯೇ, ಎಷ್ಟು ದಿನ ಮಲಗಬೇಕು ಎಂದೆಲ್ಲ ಅಳಿಯ ಕೇಳಿದ. ಬ್ರೇಕಮ್ಮ ಕೇಳಿದ್ದು ಒಂದೇ: "ಆಮೇಲೆ ನನ್ನ ಸೀಟಲ್ಲಿ ಕೂರಬಹುದಾ?"

"ಗಾಯ ಮಾಗಲಿ, ಯಂತ್ರ ಹೇಗೆ ಕೆಲಸ ಮಾಡುತ್ತೆ ನೋಡೋಣ. ಎಲ್ಲ ಸರಿ ಇದ್ರೆ ಕೂರಬಹುದು ಅಂತ ನಾನೇ ಬರೆದುಕೊಡ್ತೀನಿ."

ಪೇಸ್‌ಮೇಕರ್ ಹಾಕುವುದು ಬರುವ ಬುಧವಾರ. ಮಾಲೀಕರು ಇನ್ನೊಂದು ತಿಂಗಳು ಕಾಯಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಬ್ರೇಕಮ್ಮನ ವಿದ್ಯಾರ್ಥಿಗಳಿಗೆ ಮಾಲೀಕರೇ ಕಲಿಸುತ್ತಾರೆ.