ನನ್ನಣ್ಣನ ವಕೀಲರು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮಡಿಕೇರಿಯ ಆ ವಕೀಲರು ನಮ್ಮ ಮಾತು ಕೇಳುವಾಗ ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಯಾವಾಗಲೂ ಒಂದೇ ಮಾತು: "ನನ್ನ ಹತ್ರ ಮುಚ್ಚಿಡ್ಬೇಡಮ್ಮ."

ನನ್ನಣ್ಣ ನಾಪೋಕ್ಲುವಿನಲ್ಲಿ ಒಬ್ಬ ಹೆಂಗಸಿನ ಮಾನಕ್ಕೆ ಕೈಹಾಕಿದ್ದ. ತಪ್ಪು ಸಾಬೀತಾದರೂ ಕೋರ್ಟು ಅವನನ್ನು ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಟ್ಟಿತ್ತು. ಆಕೆಯ ಹತ್ತಿರ ಸುಳಿಯಬಾರದು, ವಾಸ ಬದಲಿಸಿದರೆ ಠಾಣೆಗೆ ತಿಳಿಸಬೇಕು. ಅವನು ಯಾರಿಗೂ ಹೇಳದೆ ಬಿಟ್ಟಂಗಾಲದ ಎಸ್ಟೇಟಿನಲ್ಲಿ ಕೂಲಿಯವರ ಲೈನ್‌ಮನೆಗೆ ಸೇರಿಕೊಂಡ. ಪೊಲೀಸರು ಹಿಡಿದರು. ಇನ್ನು ಜೈಲೇ ಎಂಬ ಭಯಕ್ಕೆ ನನಗೆ ಅನ್ನ ಸೇರುತ್ತಿರಲಿಲ್ಲ.

"ಜ್ವರ ಬಂದಿತ್ತು, ಅದ್ಕೇ ಠಾಣೆಗೆ ಹೋಗ್ನಿಲ್ಲ ಅಂತ ಹೇಳ್ಬುಡಿ ಸ್ವಾಮಿ," ಎಂದು ಬೇಡಿಕೊಂಡೆ.

"ನನ್ನ ಹತ್ರ ಮುಚ್ಚಿಡ್ಬೇಡಮ್ಮ. ಆ ಹೆಂಗ್ಸು ಈಗೆಲ್ಲಿದಾಳೆ?"

ನನಗೆ ಗೊತ್ತಿರಲಿಲ್ಲ. ಮರುದಿನ ಅವರೇ ಬಸ್ಸು ಹತ್ತಿ ಬಿಟ್ಟಂಗಾಲಕ್ಕೆ ಹೋದರು. ಹಿಂತಿರುಗಿ ಬಂದು ಹೇಳಿದರು. ಆಕೆ ಅದೇ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳಂತೆ. ಅಣ್ಣನನ್ನು ಕಂಡ ದಿನದಿಂದ ಮನೆಯ ಬಾಗಿಲು ದಾಟಿಲ್ಲವಂತೆ.

ಕೋರ್ಟಿನಲ್ಲಿ ಅವರು ಜ್ವರದ ಮಾತೆತ್ತಲಿಲ್ಲ. ಷರತ್ತು ಮುರಿದದ್ದನ್ನು ಒಪ್ಪಿಕೊಳ್ಳುವಂತೆ ಅಣ್ಣನ ಮನವೊಲಿಸಿ, ಶಿಕ್ಷೆ ಕಡಿಮೆ ಮಾಡಬೇಕೆಂದಷ್ಟೇ ಕೇಳಿಕೊಂಡರು. ಆರು ತಿಂಗಳ ಜೈಲಾಯಿತು.

ಹೊರಗೆ ಬಂದವಳೇ ಕೂಗಾಡಿದೆ. "ನೀವು ಯಾರ ಕಡೆ ವಕೀಲ್ರು ಸ್ವಾಮಿ?"

"ನಿಮ್ಮಣ್ಣನ ಕಡೇನೇ," ಎಂದರು. "ಸುಳ್ಳು ಹೇಳಿ ಇವತ್ತು ಬಿಡಿಸ್ಬೋದಿತ್ತೇನೋ. ಬಿಡಿಸಿದ್ರೆ ನಾಳೆ ಅವ್ನು ಎಲ್ಲಿಗೆ ಹೋಗ್ತಿದ್ದ, ನೀನೇ ಹೇಳಮ್ಮ."

ನನಗೆ ಗೊತ್ತಿತ್ತು. "ಬಿಟ್ಟಂಗಾಲಕ್ಕೇ ಸ್ವಾಮಿ," ಎಂದೆ.