ಮಧ್ಯಾಹ್ನದ ಚಂದ್ರ

ಆ ಕೈಗಡಿಯಾರದ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಮೂವತ್ತೊಂದು ವರ್ಷಗಳಿಂದ ಉಸಿರಾಡದೆ ಬದುಕಿದ್ದ ಮನುಷ್ಯನೊಬ್ಬನಿದ್ದ. ಉಸಿರಾಡುತ್ತಿದ್ದನಂತೆ, ಆದರೆ ಮನೆಯಲ್ಲಿ, ರಜೆಯ ದಿನಗಳಲ್ಲಿ, ಅದೂ ಮಿತವಾಗಿ. ಕುಂಚ ಕೈಗೆತ್ತಿಕೊಂಡನೆಂದರೆ ಮೂಗು ಬಾಯಿ ಎರಡಕ್ಕೂ ಬೀಗ. ಒಮ್ಮೆ ಬೆಂಕಿಯ ಗಂಟೆ ಬಡಿದು, ಮಾಲೀಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಎದ್ದುಬಿದ್ದು ಬೀದಿಗೆ ಓಡಿ, ತಲೆ ಎಣಿಸಿ, ಒಂದು ತಲೆ ಕಡಿಮೆಯೆಂದು ಬಾಯಿ ಬಡಿದುಕೊಳ್ಳುತ್ತಿದ್ದಾಗ, ಈ ಮಹಾನುಭಾವ ಎಡ ಹುಬ್ಬನ್ನು ಬರೆದು ಮುಗಿಸಿ, ಕುಂಚ ತೊಳೆದಿಟ್ಟು, ಮೆಟ್ಟಿಲಿಳಿದು ಬಂದು, "ಕಿಟಕಿ ಯಾರು ತೆಗೆದಿದ್ದು? ಧೂಳು ಬರ್ತಿದೆ" ಎಂದನಂತೆ. ಬೆಂಕಿ ಇರಲಿಲ್ಲ, ಅದು ಬೇರೆ ಮಾತು. ಮುತ್ತು ಹೆಕ್ಕಲು ಕಡಲಿನ ತಳಕ್ಕಿಳಿಯುವವರು ಇವನ ಹೆಸರು ಕೇಳಿದರೆ ಕೈಮುಗಿಯುತ್ತಾರೆಂದು ಕ್ಯಾಂಟೀನಿನಲ್ಲಿ ಪ್ರತೀತಿಯಿತ್ತು.

ಹುಬ್ಬು ಇವನದಲ್ಲ, ಚಂದ್ರನದು. ಆ ಕಾರ್ಖಾನೆಯ ಅತ್ಯಂತ ದುಬಾರಿ ಗಡಿಯಾರದ ಮುಖದಲ್ಲಿ ಒಂದು ಪುಟ್ಟ ಕಿಟಕಿ. ಅದರೊಳಗೆ, ಆಕಾಶದ ಚಂದ್ರನ ಲೆಕ್ಕಕ್ಕೆ ಸರಿಯಾಗಿ ಬೆಳೆದು ಕರಗುವ ಬಟಾಣಿಯಷ್ಟು ಗಾತ್ರದ ಚಿನ್ನದ ಚಂದ್ರ. ಅದಕ್ಕೆ ಕಣ್ಣು, ಮೂಗು, ತುಟಿ ಬರೆಯುವುದು ಇವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಇವನು ಚಂದಮಾಮ. ಇದರಲ್ಲಿ ಕಸುಬಿನ ಗುಟ್ಟೊಂದಿದೆ. ಕಿಟಕಿಯ ಹಿಂದೆ ತಿರುಗುವ ಬಿಲ್ಲೆಯ ಮೇಲಿರುವುದು ಒಬ್ಬ ಚಂದ್ರನಲ್ಲ, ಇಬ್ಬರು. ಒಬ್ಬ ತನ್ನ ತಿಂಗಳು ಮುಗಿಸಿ ಮರೆಯಾದರೆ ಇನ್ನೊಬ್ಬ ಮೇಲೇಳುತ್ತಾನೆ. ಕೈಗೆ ಕಟ್ಟಿಕೊಂಡವರಿಗೆ ಸುಳಿವೇ ಸಿಗಬಾರದು, ಅಷ್ಟು ತದ್ರೂಪವಾಗಿರಬೇಕು. ಚಂದಮಾಮ ದಿನಕ್ಕೊಂದು ಬಿಲ್ಲೆ ಮುಗಿಸುತ್ತಿದ್ದ. ಬೆಳಗ್ಗೆ ಒಬ್ಬ ಚಂದ್ರ, ಊಟದ ನಂತರ ಇನ್ನೊಬ್ಬ.

ಇಬ್ಬರೂ ಒಂದೇ ಥರ ಇದ್ದಾರೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದವಳು ಅವನ ಹೆಂಡತಿ. ಅವಳದು ಪಕ್ಕದ ಮೇಜು, ಗಡಿಯಾರಕ್ಕೆ ಮುಳ್ಳು ಕೂರಿಸುವ ಕೆಲಸ. ಸಂಜೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, "ಇವನ ಮೂತಿ ಯಾಕ್ರೀ ಊದಿದೆ? ಹಲ್ಲುನೋವಾ?" ಎಂದಳೆಂದರೆ ಬಿಲ್ಲೆ ಮತ್ತೆ ಮೇಜಿಗೆ. "ಇಬ್ರೂ ಒಂದೇ ತಾಯಿ ಮಕ್ಕಳು, ನಡೀರಿ ಮನೆಗೆ" ಎಂದರೆ ಪಾಸು. ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಕಂಬದ ಪಕ್ಕದ ಮೇಜಿನಲ್ಲಿ ಇಬ್ಬರೂ ಎದುರುಬದುರು. ಮಾತು ಅವಳದು, ಊಟ ಇವನದು. "ಇಲ್ಲಾದ್ರೂ ಉಸಿರು ಬಿಡ್ರೀ, ನಾನೇನು ಹಾರಿಹೋಗಲ್ಲ" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳು ಹೋದಳು. ಸೋಮವಾರ ತಲೆನೋವು ಅಂದಳು, ಗುರುವಾರ ಇರಲಿಲ್ಲ. ಹತ್ತು ದಿನ ಬಿಟ್ಟು ಅವನು ಕೆಲಸಕ್ಕೆ ಬಂದ. ಕಂಬದ ಪಕ್ಕದ ಮೇಜಿನ ಎದುರು ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಪುಣ್ಯಾತ್ಮರು ಗೌರವಕ್ಕೆಂದು ಬಿಟ್ಟ ಆ ಖಾಲಿ ಜಾಗವನ್ನು ನೋಡಿಕೊಂಡೇ ಅವನು ದಿನಾ ಅರ್ಧ ಗಂಟೆ ಉಣ್ಣಬೇಕಾಯಿತು. ಯಾರಾದರೂ ಧಡೂತಿ ಆಸಾಮಿ ಬಂದು ಧೊಪ್ಪನೆ ಕೂತು ಬಾಯಿ ಚಪ್ಪರಿಸಿದ್ದರೆ ಎಷ್ಟೋ ವಾಸಿಯಿತ್ತು. ಬಿಲ್ಲೆಗಳು ಈಗ ನೇರವಾಗಿ ತಪಾಸಣೆಗೆ ಹೋಗತೊಡಗಿದವು. ತಪಾಸಣೆಯವನು ಗೀರು ನೋಡುತ್ತಿದ್ದ, ಬಣ್ಣ ನೋಡುತ್ತಿದ್ದ. ಮುಖಭಾವಕ್ಕೆ ಅವನ ಹಾಳೆಯಲ್ಲಿ ಜಾಗವಿರಲಿಲ್ಲ.

ಹೀಗಿರುವಾಗ, ಗಡಿಯಾರಕ್ಕೆ ಹೊಸ ರೂಪ ಕೊಡಬೇಕೆಂದು ಮೇಲಿನವರಿಗೆ ಜ್ಞಾನೋದಯವಾಯಿತು. ಕವಚ ತೆಳ್ಳಗಾಗಬೇಕು, ಅಂಕಿಗಳು ತೊಲಗಬೇಕು, ಕಿಟಕಿ ಅಗಲವಾಗಬೇಕು, ಚಂದ್ರನ ಮುಖವನ್ನು ಯಂತ್ರ ಕೊರೆಯಬೇಕು. ಈ ಕೊನೆಯದು ಮಾತ್ರ ಹೊಸ ವಿನ್ಯಾಸದ ಹೊಣೆ ಹೊತ್ತ ಹೆಂಗಸಿಗೆ ಹಿಡಿಸಲಿಲ್ಲ. ಕೈಕೆಲಸ ಉಳಿಸಲು ಏನಾದರೊಂದು ಕಾರಣ ಸಿಕ್ಕೀತೆಂದು ಅವಳು ರಿಪೇರಿಗೆ ವಾಪಸು ಬಂದಿದ್ದ ಗಡಿಯಾರಗಳ ಬಿಲ್ಲೆಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಚಂದಮಾಮನನ್ನು ಕರೆಸಿದಳು.

"ಮಾಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಸಾಲಲ್ಲಿ ಇಬ್ರೂ ನಗ್ತಿದಾರೆ. ಇಲ್ಲಿಂದ ಈಚೆಗೆ ಒಬ್ಬ ನಗ್ತಾನೆ, ಇನ್ನೊಬ್ಬ ಅಳ್ತಾನೆ. ಒಂದನ್ನೂ ಬಿಟ್ಟಿಲ್ಲ. ಯಾಕೆ?"

"ಅಳೋದಾ? ಭೂತಗನ್ನಡಿ ಒರೆಸ್ಕೊಂಡು ನೋಡು ತಾಯಿ."

"ಮೂರು ಸಲ ಒರೆಸಿದೀನಿ. ನೀವೇ ನೋಡಿ."

ನೋಡಿದ. ತುಟಿಯ ಕೊನೆ ಒಂದು ಕೂದಲೆಳೆಯಷ್ಟು ಕೆಳಗಿಳಿದಿತ್ತು. ರೆಪ್ಪೆ ಭಾರವಾಗಿತ್ತು. ಅಳುವ ಮೊದಲನೆಯ ಬಿಲ್ಲೆಯನ್ನು ತಿರುವಿದ. ಹಿಂಬದಿಯಲ್ಲಿ ಸೂಜಿಯಿಂದ ಗೀಚಿದ ತಾರೀಖು, ಅವನದೇ ಕೈ. ಹತ್ತು ದಿನದ ರಜೆ ಮುಗಿಸಿ ಬಂದ ದಿನ. ಆಮೇಲಿನ ಅಷ್ಟೂ ಬಿಲ್ಲೆಗಳಲ್ಲಿ ಎರಡನೆಯವನದು ಅದೇ ಮುಖ. ಮನೆಯಲ್ಲಿ ಬಾಗಿಲು ಹಾಕಿಕೊಂಡಾಗಲೂ ಅವನು ಅತ್ತಿರಲಿಲ್ಲ. ಈ ಕೈಗೆ ಅಪ್ಪಣೆ ಕೊಟ್ಟವರು ಯಾರು? ಸುಮಾರು ಐನೂರು ಮಂದಿ ಗಣ್ಯರು, ಎರಡು ತಿಂಗಳಿಗೊಮ್ಮೆ, ಕೋಟಿನ ತೋಳಿನ ಕೆಳಗೆ ಅವನ ಅಳುವನ್ನು ಕಟ್ಟಿಕೊಂಡು ಮದುವೆ ಮೀಟಿಂಗುಗಳಲ್ಲಿ ಓಡಾಡುತ್ತಿದ್ದರು.

"ಮಧ್ಯಾಹ್ನ ಊಟಕ್ಕೆ ಹೋದಾಗ ಎದುರಿಗೆ ಅವಳು ಇರಲ್ವಲ್ಲಮ್ಮ" ಎಂದ ತಡೆತಡೆದು. "ಯಾರಿಗೂ ಹೇಳ್ಬೇಡ."

ಅವಳು ಹೇಳಲಿಲ್ಲ. ಆದರೆ ಆ ಚಂದ್ರನ ಹಿಂದೊಂದು ಕಥೆಯಿದೆ ಎನ್ನುವಷ್ಟು ಬಾಯಿ ಬಿಟ್ಟಳು, ಒಳ್ಳೆಯದಕ್ಕೇ. ಮಾರಾಟದ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಶುಕ್ರವಾರ ಉದ್ದ ಮೇಜಿನ ಸುತ್ತ ಆರು ಮಂದಿ ದೊಡ್ಡವರು ಕೂತು ಚಂದಮಾಮನನ್ನೂ ಕರೆಸಿಕೊಂಡರು. ಗೋಡೆಯ ತುಂಬ ಹೊಸ ಗಡಿಯಾರದ ಚಿತ್ರಗಳು. ಮೇಜಿನ ಮೇಲೆ ಯಂತ್ರ ಕೊರೆದ ಚಂದ್ರ, ಪಕ್ಕದಲ್ಲಿ ಇವನದು.

"ಒಂದು ತಿಂಗಳು ನಗು, ಒಂದು ತಿಂಗಳು ಅಳು! ಜೀವನ ಅಂದ್ರೆ ಇದೇ ಅಲ್ವಾ?" ಎಂದರು ಸಾಹೇಬರು. "ಪ್ರತಿ ಡಬ್ಬಿಯಲ್ಲೂ ಒಂದು ಚಿಕ್ಕ ಪುಸ್ತಕ ಇಡ್ತೀವಿ. ನಿಮ್ಮ ಫೋಟೋ, ಮನೆಯವರದ್ದೂ ಇದ್ರೆ ಇನ್ನೂ ಚೆನ್ನ. ನೇರವಾಗಿ ಹೇಳ್ತೀನಿ, ಕಥೆ ಇದ್ರೆ ನಿಮ್ಮ ಕೈ, ಇಲ್ದಿದ್ರೆ ಯಂತ್ರ. ಇವತ್ತೇ ತೀರ್ಮಾನ."

ಪಕ್ಕದಲ್ಲಿ ಕೂತಿದ್ದ ವಿನ್ಯಾಸದವಳು ಪಿಸುಗುಟ್ಟಿದಳು. "ಹೇಳ್ಬಿಡಿ ಮಾಮ. ನಿಮ್ಮ ಮೇಜು ಉಳಿಯುತ್ತೆ."

ಆ ಮೇಜು ಹೋದರೆ ಉಳಿಯುವುದು ಎರಡು ಕೋಣೆಯ ಮನೆ. ಅಲ್ಲಿ ಖಾಲಿ ಇರುವುದು ಒಂದೇ ಕುರ್ಚಿಯಲ್ಲ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಏನು ಮಾಡುವುದು? ಬಾಯಿ ತೆರೆದ. ಆಗ ಆ ಪುಸ್ತಕದ ಹೊಳಪು ಕಾಗದದ ಮೇಲೆ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಗುರುತು ಪರಿಚಯ ಇಲ್ಲದವರು ಬೆರಳಿಗೆ ಎಂಜಲು ಹಚ್ಚಿ ಅವಳನ್ನು ಮಗುಚುತ್ತಿದ್ದರು. ಇನ್ನು ಮುಂದೆ ದಿನಾ ಮಧ್ಯಾಹ್ನ ಎರಡಕ್ಕೆ ಸರಿಯಾಗಿ, ಆರ್ಡರಿನ ಪ್ರಕಾರ ಅಳಬೇಕು. ಅಳು ಸಾಲದು ಎಂದು ತಪಾಸಣೆಯವನು ಬಿಲ್ಲೆ ವಾಪಸು ಕಳಿಸಿಯಾನು. ಎಂದಾದರೊಂದು ಮಧ್ಯಾಹ್ನ ಅವಳ ಯಾವುದೋ ತಮಾಷೆ ನೆನಪಾಗಿ ನಗು ಬಂದರೆ, ಅದು ಕೆಲಸದಲ್ಲಿ ತಪ್ಪಾಗುತ್ತದೆ.

"ಹೇಳಿ, ಚಂದಮಾಮ ಅವರೇ" ಎಂದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆಯುತ್ತಾ. "ನಿಮ್ಮ ಮಾತಲ್ಲೇ ಹೇಳಿ. ಎರಡನೆಯವನು ಯಾಕೆ ಹಾಗಿದಾನೆ?"

"ಕಥೆ ಗಿಥೆ ಏನಿಲ್ಲ ಸಾರ್. ಊಟ ಆದ್ಮೇಲೆ ನಂಗೆ ತೂಕಡಿಕೆ ಬರುತ್ತೆ."