ಕೊಪ್ಪರಿಗೆಯ ಪಕ್ಕದಿಂದ ಏಳುವುದು

ನಮ್ಮ ಮನೆಯ ಅರಿಶಿನ ಬೆಂದಿದೆಯೋ ಇಲ್ಲವೋ ಎಂದು ಹೇಳುವವಳು ನಾನು. ಕೊಪ್ಪರಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಉರಿ ನೋಡುತ್ತೇನೆ. ನೊರೆ ಬಂದು ವಾಸನೆ ಹೊಡೆದಾಗ ಎದ್ದು, ಒಂದು ಗೆಡ್ಡೆ ತೆಗೆದು ಕಡ್ಡಿ ಚುಚ್ಚುತ್ತೇನೆ. ಬೇಗೂರಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯ ಕೈಯಿಂದ ಆ ಕಡ್ಡಿ ನನ್ನ ಕೈಗೆ ಬರಲು ಹದಿನೈದು ವರ್ಷ ಹಿಡಿಯಿತು. ಅದನ್ನು ಬಿಡುವ ಮನಸ್ಸು ನನಗಿಲ್ಲ.

ಹೋದ ವರ್ಷ ಹಾಗೆ ಎದ್ದವಳು ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರಾದಾಗ ಹಣೆ ತುಂಬ ಕುಂಕುಮ. ಪಕ್ಕದ ಹೊಲದವಳು ಕೈ ಮುಗಿದು ಕೂತಿದ್ದಳು.

"ತಾಯೀ, ನನ್ ಮಗಳ ಮದ್ವೆ ಯಾವಾಗ ಆದದು? ಅಪ್ಪಣೆ ಕೊಡವ್ವ."

"ಮೊದ್ಲು ನೀರು ಕೊಡಮ್ಮಿ," ಎಂದೆ. ಮೈಮೇಲೆ ದೇವರು ಬಂದಿದೆ ಎಂದುಕೊಂಡು ಯಾರೂ ಒಂದು ಲೋಟ ನೀರು ತಂದಿರಲಿಲ್ಲ.

ನನ್ನ ಸೊಸೆ ಮಾತ್ರ ಕೈ ಮುಗಿಯದೆ, "ಇತ್ತಗೆ ಬಿದ್ರಿ, ಸರಿ ಓಯ್ತು. ಅತ್ತಗೆ ಬಿದ್ದಿದ್ರೆ ನೀವೂ ಬೆಂದೋಗ್ತಿದ್ರಿ. ಇನ್ನು ಕಡ್ಡಿ ನಂಗೆ ಬುಟ್ಬುಡಿ ಅತ್ತೆ," ಎಂದಳು.

ಮಗ ಚಾಮರಾಜನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಆಕೆ ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಇನ್ನೊಮ್ಮೆ ನೋಡಿದರು.

"ಅಜ್ಜಿ, ಎದ್ದಾಗ ರಕ್ತ ಕಾಲಿಗೆ ಇಳಿಯುತ್ತೆ. ರಕ್ತನಾಳ ಬಿಗಿ ಮಾಡಿ ಅದನ್ನ ತಲೆಗೆ ತಳ್ಳೋ ನರಗಳಿವೆ, ನೀವು ಹೇಳದೇನೇ ಕೆಲಸ ಮಾಡ್ತವೆ. ಎದೆ ಬಡಿಯೋದು, ಉಂಡಿದ್ದು ಅರಗೋದು, ಬೆವರೋದು, ಎಲ್ಲಾ ಅಂಥ ನರಗಳದ್ದೇ. ಒಂದು ಗುಂಪು ಮೈಯನ್ನ ಓಡಿಸುತ್ತೆ, ಇನ್ನೊಂದು ಸಮಾಧಾನ ಮಾಡುತ್ತೆ. ನಿಮ್ಮ ಹಳೇ ಸಕ್ಕರೆ ಕಾಯಿಲೆ ಆ ನರಗಳನ್ನ ಕೆಡಿಸಿದೆ."

"ಬೈದ್ರೆ ಕೇಳದಿಲ್ವಾ?"

"ಇಲ್ಲ. ನಿಧಾನಕ್ಕೆ ಏಳಬೇಕು, ಅಷ್ಟೇ."

ಇಷ್ಟು ವರ್ಷ ನನ್ನನ್ನು ಕೇಳದೆ ಮಾಡಿದ ಕೆಲಸವನ್ನು ಈ ನರಗಳು ನನಗೆ ಹೇಳದೆ ನಿಲ್ಲಿಸಿವೆ. ಕೂಲಿಯಾಳಾದರೂ ಹೇಳಿ ಹೋಗುತ್ತಾನೆ.

ಈ ವರ್ಷ ಕೊಪ್ಪರಿಗೆಯಿಂದ ಮಾರು ದೂರ ಸ್ಟೂಲು ಹಾಕಿ ಕೂರಿಸಿದರು. ನೊರೆ ಬಂತು, ವಾಸನೆ ಬಂತು. ಡಾಕ್ಟರಮ್ಮ ಹೇಳಿದಂತೆ ಪಾದ ಆಡಿಸಿದೆ, ಕಾಲಿನ ಮೀನಖಂಡ ಬಿಗಿ ಹಿಡಿದು ಬಿಟ್ಟೆ, ಚಪ್ಪರದ ಕಂಬ ಹಿಡಿದು ಎದ್ದೆ, ನಿಂತು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಸೊಸೆ ಕಡ್ಡಿ ಚುಚ್ಚಿಯಾಗಿತ್ತು.

"ಬೆಂದದೆ ಕಣತ್ತೆ."

ಕಡ್ಡಿ ಕಿತ್ತುಕೊಂಡು ಬೇರೆ ಗೆಡ್ಡೆಗೆ ಚುಚ್ಚಿದೆ. ಸಲೀಸಾಗಿ ಇಳಿಯಿತು. ಬೆಂದಿತ್ತು.

"ಇನ್ನೊಂದು ಕುದಿ ಬರ್ಲಿ," ಎಂದೆ.

ಸೊಸೆ ಸೌದೆ ಎಳೆದು ಉರಿ ಆರಿಸಿದಳು.